ಕಟ್ಟಿ ಬರೆದ ಕನಸು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವನಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ಶಾಫ್ಟು, ಗೇರು, ಬುಷ್ಷು, ಹೀಗೆ ಯಂತ್ರದ ಬಿಡಿಭಾಗಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಅಳತೆ ಸರಿಯಿದ್ದರೆ ಮೊಹರು ಒತ್ತುತ್ತೇನೆ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಒಪ್ಪದವನು, ಯಾರೋ ಕಂಡ ಕನಸಿಗೆ ಅರ್ಥವಿದೆ ಎಂದರೆ ಒಪ್ಪುತ್ತೇನೆಯೇ? ಶಕುನ, ದೆವ್ವ, ಕನಸಿನ ಫಲ ಇವೆಲ್ಲ ಅಳೆಯಲು ಬೇಸರಪಡುವವರ ಮಾತು ಎಂದು ಮನೆಯಲ್ಲಿ ಹೇಳಿ ಎಷ್ಟೋ ಸಲ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಕೆಲವು ವರ್ಷದ ಹಿಂದಾಗಿದ್ದರೆ ನಾನೂ ನಗುತ್ತಿದ್ದೆ.

ನನ್ನ ಹೆಂಡತಿ ಸುಮಂಗಲಾ ಹಾವೇರಿ ಕಡೆಯವಳು. ನಾವಿರುವುದು ಮಾದನಾಯಕನಹಳ್ಳಿಯ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ. ಅವಳ ತಾಯಿ ತೀರಿಕೊಂಡ ಮೇಲೆ ಕೆಲವು ತಿಂಗಳು ಅವಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಗ ಯಾರೋ ಹೇಳಿದರೆಂದು, ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಮನಶ್ಶಾಸ್ತ್ರದ ಉಪನ್ಯಾಸಕ್ಕೆ ಹೋಗತೊಡಗಿದಳು. ನಡೆಸುತ್ತಿದ್ದವರು ವಿರೂಪಾಕ್ಷಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು, ಮೆತ್ತಗಿನ ದನಿಯ ಮನುಷ್ಯ. ಹೆದ್ದಾರಿ ಪಕ್ಕದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಪ್ಪತ್ತು ಇಪ್ಪತ್ತೈದು ಜನ ಕೂರುತ್ತಿದ್ದರು. ಕೆಳಗೆ ಪಾರ್ಸೆಲ್ ಗೋದಾಮು, ಲಾರಿಗಳ ಸದ್ದು. ಇವಳನ್ನು ಬಿಟ್ಟುಬರಲು ಹೋಗುತ್ತಿದ್ದ ನಾನು, ಎರಡು ಗಂಟೆ ಎಲ್ಲಿ ಕಾಯುವುದೆಂದು ಒಳಗೇ ಕೂರತೊಡಗಿದೆ.

ಮೇಷ್ಟ್ರು ಹೇಳುತ್ತಿದ್ದುದು ಇಷ್ಟು. ಮನಸ್ಸೆಂಬ ಮನೆಯಲ್ಲಿ ನಾವು ದಿನವೂ ಓಡಾಡುವುದು ಒಂದೇ ಅಂತಸ್ತಿನಲ್ಲಿ. ಅದರ ಕೆಳಗೆ ನೆಲಮಾಳಿಗೆಯಿದೆ. ನಾಚಿಕೆಯಾಗಿ, ಭಯವಾಗಿ, ಬೇಡವೆಂದು ನಾವು ಕೆಳಗಿಳಿಸಿದ್ದೆಲ್ಲ ಅಲ್ಲಿ ಕೆಡದೆ ಇರುತ್ತದೆ, ಕನಸಿನ ದಾರಿಯಲ್ಲಿ ಮೇಲೆ ಬರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸ್ಕೂಟರು ಬಿಟ್ಟು ಬೇರೇನೂ ಇಲ್ಲ ಎಂದು ನಾನು ಸುಮಂಗಲಾಳ ಕಿವಿಯಲ್ಲಿ ಹೇಳಿದ್ದೆ. ಅವಳು ತೊಡೆ ಚಿವುಟಿ ಸುಮ್ಮನಿರಿಸಿದ್ದಳು.

ಅಲ್ಲೊಂದು ಪದ್ಧತಿಯಿತ್ತು. ಕೊನೆಯ ಅರ್ಧ ಗಂಟೆ ಕನಸಿನ ಚೀಟಿ. ಮನೆಯಿಂದ ಬರುವಾಗಲೇ ತಮಗೆ ಬಿದ್ದ ಒಂದು ಕನಸನ್ನು ಹೆಸರು ಹಾಕದೆ ಬರೆದು ತಂದು ಸ್ಟೀಲ್ ಡಬ್ಬಕ್ಕೆ ಹಾಕಬೇಕು. ಒಬ್ಬರು ಕೈಹಾಕಿ ಒಂದು ಚೀಟಿ ಎತ್ತಿ, ಅದು ತಮ್ಮದೇ ಕನಸೆಂಬಂತೆ 'ನಾನು, ನಾನು' ಎಂದು ಓದಬೇಕು. ಯಾರು ಬರೆದದ್ದೆಂದು ಯಾರೂ ಕೇಳಬಾರದು, ಅರ್ಥವನ್ನೂ ಹೇಳಬಾರದು. ಕೇಳಿದವರು ಒಬ್ಬೊಬ್ಬರಾಗಿ, ಅದು ತಮಗೆ ಎಲ್ಲಿ ತಾಕಿತೆಂದು ಮಾತ್ರ ಹೇಳಬೇಕು. ಒಮ್ಮೆ ಯಾರೋ ಬಸ್ಸು ತಪ್ಪಿದ ಕನಸು ಬರೆದಿದ್ದರು. ಅದಕ್ಕೇ ಇಬ್ಬರು ಕಣ್ಣೊರೆಸಿಕೊಂಡರು. ನನಗೆ ರೇಗಿತು. ಏನು ಕೊಟ್ಟರೂ ಆಳವೆಂದು ನುಂಗುವ ಜನ ಇವರು, ಇವರಿಗೊಂದು ನಕಲಿ ಮಾಲು ಕೊಟ್ಟು ನೋಡಬೇಕು ಎನಿಸಿತು. ಇವಳಿಗೂ ತಿಳಿಯಲಿ ಎಂಬ ಹಟವೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದಾಗ ಊಟದ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಮೇಷ್ಟ್ರಿಗೆ ನೆಲಮಾಳಿಗೆ ಇಷ್ಟವಲ್ಲವೇ, ಆದ್ದರಿಂದ ನೆಲದೊಳಗೊಂದು ಕೋಣೆ ಇಟ್ಟೆ. ನಾನು ಬರೆದದ್ದೆಂದು ಯಾರಿಗೂ ಅನುಮಾನ ಬಾರದಿರಲೆಂದು ಹುಡುಗಿಯ ಮಾತಿನಲ್ಲಿ ಬರೆದೆ. ಕನಸೆಂದ ಮೇಲೆ ಒಂದಿಷ್ಟು ತಲೆಬುಡವಿಲ್ಲದ್ದೂ ಬೇಕಲ್ಲ, ಅದಕ್ಕಾಗಿ ಬೆಲ್ಲ ಸೇರಿಸಿದೆ. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ಇಷ್ಟೇ:

"ಅಂಗಳದಲ್ಲಿ ಒಂದು ಕಲ್ಲಿನ ಮುಚ್ಚಳ. ಅದರ ಕೆಳಗೆ ನೆಲದೊಳಗೆ ಒಂದು ಕೋಣೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಯಾರೋ ಹಗ್ಗ ಕಟ್ಟಿ ದೀಪ ಇಳಿಸುತ್ತಿದ್ದಾರೆ. ನಾನು ಚಿಕ್ಕ ಹುಡುಗಿ, ಬೋರಲು ಮಲಗಿ ಇಣುಕುತ್ತಿದ್ದೇನೆ. ದೀಪ ಆರಿಹೋಗುತ್ತದೆ. ಉರಿಯುತ್ತಿದೆಯಾ ಎಂದು ಕೇಳುತ್ತಾರೆ. ನನ್ನ ಬಾಯಿ ತುಂಬ ಬೆಲ್ಲ. ಮಾತಾಡಲಾಗದೆ ಹೌದೆಂದು ತಲೆಯಾಡಿಸುತ್ತೇನೆ."

ಅಂದು ಡಬ್ಬಕ್ಕೆ ಕೈಹಾಕುವ ಸರದಿ ಸುಮಂಗಲಾಳದು. ಅವಳ ಕೈಗೆ ನನ್ನ ಚೀಟಿಯೇ ಬಂತು. ಇಪ್ಪತ್ತು ಚೀಟಿಯಲ್ಲಿ ಒಂದು ಬರಲೇಬೇಕಲ್ಲ, ಅದರಲ್ಲಿ ವಿಚಿತ್ರವೇನಿಲ್ಲ. ಅಕ್ಷರ ನೋಡಿದ ಕೂಡಲೆ ಅವಳು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆದರೂ ಪದ್ಧತಿ ಬಿಡದೆ ಓದಿದಳು. ಆಮೇಲೆ ಎಲ್ಲರೂ ತಮಗೆ ತಾಕಿದ್ದನ್ನು ಹೇಳಿದರು. ಸಾಫ್ಟ್‌ವೇರ್ ಕೆಲಸದ ಹುಡುಗಿಯೊಬ್ಬಳು, ಆಫೀಸಿನಲ್ಲಿ ಆಗದ ಕೆಲಸಕ್ಕೂ ಆಗುತ್ತದೆಂದು ತಾನು ತಲೆಯಾಡಿಸುವುದು ನೆನಪಾಯಿತು ಎಂದಳು. ನಾನು ಒಳಗೊಳಗೇ ನಗುತ್ತಿದ್ದೆ.

ಬಾಗಿಲ ಬಳಿಯ ಕುರ್ಚಿಯಲ್ಲಿ ಯಾವಾಗಲೂ ಕೂರುತ್ತಿದ್ದವರು ಕೆಂಪಮ್ಮ. ಎಪ್ಪತ್ತರ ಮೇಲಿನ ವಯಸ್ಸು. ಆ ಕಟ್ಟಡ ಅವರ ಮಗನದು. ಅಲ್ಲಿಯ ಗೋದಾಮುಗಳೆಲ್ಲ ಎದ್ದಿರುವುದು ಅವರ ಮನೆತನದ ರಾಗಿ ಹೊಲದ ಮೇಲೆ. ಹುಟ್ಟಿದ ಊರಲ್ಲೇ ಸೋದರತ್ತೆಯ ಮಗನನ್ನು ಮದುವೆಯಾಗಿ ಅಲ್ಲೇ ಉಳಿದವರು. ಅಕ್ಷರ ಬಾರದು. ಜನರ ಮಾತು ಕೇಳಲು ಹಿತವೆಂದು ಬಂದು ಕೂತಿರುತ್ತಿದ್ದರು, ಒಂದು ದಿನವೂ ಬಾಯಿ ಬಿಟ್ಟವರಲ್ಲ. ಅವರ ಸರದಿ ಬಂದಾಗ ಎಲ್ಲರೂ ಅವರತ್ತ ನೋಡಿದರೆ, ಕುರ್ಚಿ ಖಾಲಿಯಿತ್ತು.

ಸಭೆ ಮುಗಿದು ನಾವು ಇಳಿಯುತ್ತಿದ್ದಾಗ ಅವರು ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ನನ್ನ ಹೆಂಡತಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಚೀಟಿಯ ಪದ್ಧತಿ ಅವರಿಗೆ ಪೂರ್ತಿ ತಿಳಿದಿರಲಿಲ್ಲ. ನಾನು ನಾನು ಎಂದು ಓದಿದವಳು ಸುಮಂಗಲಾ, ಆದ್ದರಿಂದ ಕನಸು ಕಂಡವಳೂ ಅವಳೇ ಎಂದುಕೊಂಡಿದ್ದರು.

"ಎಲ್ಲಿ ಕಂಡೆ ತಾಯಿ ಅದ್ನ? ಅದು ನಮ್ಮನೆ ಅಗೇವು. ಆ ಹುಡುಗಿ ನಾನು" ಎಂದರು.

ಅವರ ಬಾಯಲ್ಲಿ ಅಗೇವು ಎಂದಾದ ಹಗೇವು ಏನೆಂದು ನನಗೆ ಅಂದು ತಿಳಿದಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವರು ಹೇಳಿದರು. ಹಿಂದೆ ರಾಗಿಯನ್ನು ನೆಲದೊಳಗೆ ಆಳವಾದ ಗುಂಡಿ ತೋಡಿ, ಸುತ್ತ ಹುಲ್ಲು ಕೊಟ್ಟು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರು. ಒಬ್ಬ ಆಳು ಇಳಿಯುವಷ್ಟೇ ಬಾಯಿ. ವರ್ಷಗಟ್ಟಲೆ ಮುಚ್ಚಿದ್ದ ಗುಂಡಿಯಲ್ಲಿ ಗಾಳಿ ಕೆಟ್ಟಿರುತ್ತದೆ. ಕಲ್ಲು ತೆಗೆದು ಒಂದು ದಿನ ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯಬಾರದು. ಕೆಂಪಮ್ಮನಿಗೆ ಆಗ ಏಳೋ ಎಂಟೋ ವರ್ಷ. ಅವರಣ್ಣನಿಗೆ ಇಪ್ಪತ್ತು, ಮದುವೆಯಾಗಿ ಮೂರು ತಿಂಗಳು. ಹಗ್ಗ ಹಿಡಿದವನು ಅವನೇ. ಮಲಗಿ ಇಣುಕಿ ದೀಪ ನೋಡಲು ತಂಗಿಯನ್ನು ಕೂರಿಸಿಕೊಂಡು, ಅವಳು ಓಡಿಹೋಗದಿರಲೆಂದು ಬಾಯಿಗೊಂದು ಬೆಲ್ಲದ ಉಂಡೆ ಇಟ್ಟಿದ್ದ. ದೀಪ ಕೆಳಗೆ ಹೋಗುತ್ತಲೇ ಕತ್ತಲಾಯಿತು. ಉರೀತೈತಾ ಎಂದು ಕೇಳಿದ. ಬಾಯಿ ತೆರೆದರೆ ಬೆಲ್ಲ ಬಿದ್ದುಹೋಗುತ್ತದೆ. ತಲೆಯಾಡಿಸಿದಳು. ಅವನು ಇಳಿದ.

ಅವನು ಅದರೊಳಗೇ ಸತ್ತದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ದೀಪ ಆರಿದ್ದರೆ ಅವನು ಇಳಿಯುತ್ತಲೇ ಇರಲಿಲ್ಲವಲ್ಲ, ಉರಿಯುತ್ತಿತ್ತಂತೆ, ಆದರೂ ಹುಡುಗ ಹೋದನಂತೆ ಎಂದೇ ಊರು ನಂಬಿತು. ಹಾಗಿದ್ದ ಮೇಲೆ ಕಾರಣವೊಂದು ಬೇಕಲ್ಲ. ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಎಂದರು. ಹದಿನಾರು ವರ್ಷದ ಆ ಹುಡುಗಿಯನ್ನು, ಅವರತ್ತಿಗೆ ರಂಗಮ್ಮನನ್ನು, ಕಾಡುಗೋಡಿಯ ತವರಿಗೆ ಕಳಿಸಿಬಿಟ್ಟರು. ತಾನು ತಲೆಯಾಡಿಸಿದ್ದನ್ನು ಕೆಂಪಮ್ಮ ತಾಯಿಗೆ ಹೇಳಲಿಲ್ಲ, ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಅವರು ಮುಖ ಒರೆಸಿಕೊಂಡು, ಅಣ್ಣನೇ ಈ ತಾಯಿಯ ಕನಸಿಗೆ ಬಂದಿದ್ದಾನೆ, ಇನ್ನು ಸುಮ್ಮನಿರಬೇಡ ಎಂದು ಹೇಳಿಕಳಿಸಿದ್ದಾನೆ ಎಂದರು. ಅತ್ತಿಗೆ ಇನ್ನೂ ಬದುಕಿದ್ದಾರಂತೆ, ಹೋಗಿ ಹೇಳಬೇಕು, ಜೊತೆಗೆ ನೀನು ಬರಬೇಕು ಎಂದು ಸುಮಂಗಲಾಳನ್ನು ಕೇಳಿಕೊಂಡರು.

ಆಗಲೇ ಬಾಯಿಬಿಡಬೇಕಿತ್ತು. ನಾನು ಸ್ಕೂಟರ್ ತೆಗೆಯುವ ನೆಪದಲ್ಲಿ ಕೆಳಗಿಳಿದೆ. ಮನೆಗೆ ಬಂದು ಬೀಗ ತೆಗೆಯುವಾಗ ಸುಮಂಗಲಾ ಒಂದೇ ಮಾತು ಅಂದಳು.

"ಆಟ ಆಡಾಕ ಹೋಗಿ ಏನ್ ಮಾಡಿ ಇಟ್ರಿ ನೋಡ್ರಿ."

ಆ ವಾರವೆಲ್ಲ ನಾನು ಇದಕ್ಕೊಂದು ಕಾರಣ ಹುಡುಕಿದೆ. ಹಗೇವಿನ ವಿಷಯ ನನ್ನ ಅಜ್ಜಿ ಚಿಕ್ಕಂದಿನಲ್ಲಿ ಹೇಳಿರಬಹುದು, ನಮ್ಮೂರು ದಾವಣಗೆರೆ ಕಡೆಯೂ ಜೋಳಕ್ಕೆ ಅಂಥ ಗುಂಡಿ ಇದ್ದವಂತೆ. ಫೋನು ಮಾಡಿ ಕೇಳಿದರೆ ನಮ್ಮಮ್ಮ, ಹೇಳಿದ್ದರೂ ಹೇಳಿರಬಹುದಪ್ಪ ಎಂದಳು. ಸುಳ್ಳು ತಲೆಯಾಡಿಸುವುದು ಎಲ್ಲಿಂದ ಬಂತೆಂಬುದೂ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಜೆ ಬಸ್ಸು ತಪ್ಪುತ್ತದೆಂದು, ಒಂದು ಪೆಟ್ಟಿಗೆ ಶಾಫ್ಟುಗಳನ್ನು ಅಳೆಯದೆಯೇ ಸರಿಯಿದೆಯೆಂದು ಮೊಹರು ಒತ್ತಿ ಕಳಿಸಿದ್ದೆ. ಅವು ಯಾವ ಯಂತ್ರಕ್ಕೆ ಹೋದವೋ, ಏನಾದವೋ ಇಂದಿಗೂ ತಿಳಿಯದು. ಅದನ್ನು ಸುಮಂಗಲಾಳಿಗೂ ಹೇಳಿರಲಿಲ್ಲ, ನಾನೂ ನೆನೆಯುತ್ತಿರಲಿಲ್ಲ. ಮೇಷ್ಟ್ರ ನೆಲಮಾಳಿಗೆ ಸುಳ್ಳಲ್ಲ ಎಂದು ಇಷ್ಟರ ಮಟ್ಟಿಗೆ ಒಪ್ಪಿಕೊಂಡೆ.

ಆದರೆ ಬೆಲ್ಲ? ತಲೆಬುಡವಿಲ್ಲದ್ದು ಒಂದಿರಲಿ ಎಂದು ಬೇಕೆಂತಲೇ ಸೇರಿಸಿದ್ದು ಅದು. ಆ ಬೆಲ್ಲದ ವಿಷಯ ತಿಳಿದಿದ್ದವರು ಭೂಮಿಯ ಮೇಲೆ ಇಬ್ಬರು. ಒಬ್ಬ ಅಂದೇ ಸತ್ತ, ಇನ್ನೊಬ್ಬರು ಬಾಯಿಬಿಟ್ಟಿರಲಿಲ್ಲ. ಶನಿವಾರ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಕಟ್ಟಿದ್ದು ಅಂತ ನೀವಂತೀರಿ. ಕಟ್ಟಿದ್ದು ಯಾರು, ಮೇಲಿನ ಅಂತಸ್ತೋ ನೆಲಮಾಳಿಗೆಯೋ ಅಂತ ನಾನು ಕೇಳ್ತೀನಿ" ಎಂದರು. ಹಾಗಾದರೆ ಆಕೆಯ ಬಾಯಲ್ಲಿದ್ದದ್ದು ನನಗೆ ಹೇಗೆ ಬಂತು ಸಾರ್ ಎಂದೆ. ಅದು ತಾನು ಓದಿದ್ದರಲ್ಲಿ ಇಲ್ಲ ಎಂದು ಒಪ್ಪಿಕೊಂಡರು. ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ಹೆದರಿಕೆಯಾಯಿತು.

ಅಷ್ಟರಲ್ಲಿ ಕೆಂಪಮ್ಮ ಊಟ ಸರಿಯಾಗಿ ಮಾಡುತ್ತಿಲ್ಲ, ಕಾಡುಗೋಡಿಗೆ ಕರೆದೊಯ್ಯಿ ಎಂದು ಮಗನಿಗೆ ದುಂಬಾಲು ಬಿದ್ದಿದ್ದಾರೆ, ಅವನು ಈ ವಯಸ್ಸಲ್ಲಿ ಯಾಕಮ್ಮ ಅನ್ನುತ್ತಿದ್ದಾನೆ ಎಂದು ಸುದ್ದಿ ಬಂತು. ಇಲ್ಲದ ಕನಸನ್ನು ನಂಬಿ ಒಬ್ಬ ಮುದುಕಿ ತನ್ನ ಬಾಳಿನ ಗುಟ್ಟು ಬಿಚ್ಚಲು ಹೊರಟಿದ್ದಾಳೆ. ಅತ್ತಿಗೆ ಶಾಪ ಹಾಕಿದರೆ? ಎದೆಯೊಡೆದು ಬಿದ್ದರೆ? ನಿಜ ಹೇಳಿದರೆ ಆಕೆ ಹೋಗುವುದನ್ನೇ ಬಿಟ್ಟು, ಆ ಭಾರ ಹೊತ್ತುಕೊಂಡೇ ಸಾಯಬಹುದು. ಸುಮ್ಮನಿದ್ದರೆ ನನ್ನ ಸುಳ್ಳಿನ ಮೇಲೆ ನಡೆಯುತ್ತಾಳೆ. ಎರಡು ರಾತ್ರಿ ನಿದ್ದೆಗೆಟ್ಟು, ಕೊನೆಗೆ ಸುಮಂಗಲಾಳ ಜೊತೆ ಹೋಗಿ ಹೇಳಿಬಿಟ್ಟೆ. ಕನಸು ಕಂಡವಳು ಇವಳಲ್ಲ ಅಮ್ಮ, ಬರೆದವನು ನಾನು, ನಾನೂ ಕಂಡದ್ದಲ್ಲ, ನಿಮ್ಮನ್ನೆಲ್ಲ ಪರೀಕ್ಷೆ ಮಾಡಲು ಸುಮ್ಮನೆ ಕಟ್ಟಿದ್ದು, ಕ್ಷಮಿಸಿ ಎಂದೆ.

ಕೆಂಪಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಕಟ್ದೆ ಅಂತೀಯ. ಕಟ್ಟಾಕೆ ನಿಂಗೆ ಬೇರೆ ಏನೂ ಸಿಗ್ನಿಲ್ವಾ?" ಎಂದರು. ಬಿಡಿಸಿದ ಕಾಳನ್ನು ಮೊರಕ್ಕೆ ಹಾಕಿ ಮುಂದುವರಿಸಿದರು. "ಇವ್ಳಲ್ಲ, ನೀನು ಅಂದಮ್ಯಾಕೆ ನೀನೇ ಬರ್ಬೇಕು ಕಣಪ್ಪ. ನಾಳೆ ಬತ್ತೀಯೋ ಇಲ್ವೋ, ಅದ್ನ ಯೋಳು."

ಮರುದಿನ ಬೆಳಿಗ್ಗೆ ಮೂವರೂ ಮೆಟ್ರೊ ಹತ್ತಿದೆವು. ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ, ನಡುವೆ ಒಮ್ಮೆ ಗಾಡಿ ಬದಲಿಸಬೇಕು. ಕೆಂಪಮ್ಮ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಕಾಡುಗೋಡಿಯಲ್ಲಿ ಸಂತೆಬೀದಿ ದಾಟಿ, ಬಾಡಿಗೆ ಕೋಣೆಗಳ ಸಾಲಿನ ನಡುವೆ ವಿಚಾರಿಸುತ್ತ ಹೋಗಿ ಮನೆ ಹಿಡಿದೆವು. ರಂಗಮ್ಮ ತಮ್ಮನ ಮೊಮ್ಮಕ್ಕಳ ಜೊತೆ ಇದ್ದರು. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಮಂಚದ ಮೇಲೆ ಕೂತು, ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ "ಕೆಂಪೀ" ಎಂದರು.

ಕೆಂಪಮ್ಮ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಬಳಸಿ ಹೇಳಲಿಲ್ಲ, ತನ್ನನ್ನು ಉಳಿಸಿಕೊಳ್ಳುವಂತೆಯೂ ಹೇಳಲಿಲ್ಲ. ದೀಪ ಆರಿತ್ತು, ನಾನು ಸುಳ್ಳು ತಲೆಯಾಡಿಸಿದೆ, ನಿನ್ನ ಕಾಲ್ಗುಣ ಅಲ್ಲ ಅತ್ತಿಗೆ ಎಂದರು. ರಂಗಮ್ಮ ಅಳಲಿಲ್ಲ, ಕಿರುಚಲಿಲ್ಲ. ತಮಗೇ ಹೇಳಿಕೊಳ್ಳುವಂತೆ ಮಾತಾಡಿದರು.

"ತಮ್ಮನ ಮಗಳ ಮದ್ವೇಲೂ ನಾನು ಮುಂದೆ ನಿಲ್ನಿಲ್ಲ. ಯಾರೂ ಬ್ಯಾಡ ಅನ್ನಿಲ್ಲ, ನಾನೇ ನಿಲ್ನಿಲ್ಲ. ನಾನೇ ಕೊಂದೆ ಅಂತ ನಂಬಿದ್ದೆ ಕಣೇ."

ಕೆಂಪಮ್ಮ, ಆಗ ನಾನು ಕೂಸು ಅತ್ತಿಗೆ, ಎಂದು ಅವರ ಕಾಲು ಹಿಡಿದರು. ರಂಗಮ್ಮ ಕಾಲು ಎಳೆದುಕೊಳ್ಳಲಿಲ್ಲ, ತಲೆ ಸವರಲೂ ಇಲ್ಲ.

"ಆಗ ಕೂಸು. ಆಮ್ಯಾಕೆ ದೊಡ್ಡೋಳಾದ್ಯಲ್ಲ" ಎಂದರು.

ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಇಬ್ಬರು ಮುದುಕಿಯರ ನಡುವೆ ಅರವತ್ತು ವರ್ಷಕ್ಕೂ ಹೆಚ್ಚಿನ ಬಾಳು ಬಿದ್ದಿತ್ತು, ಅದನ್ನು ಎಳೆದು ಹಾಕಿದವನು ನಾನು. ಸ್ವಲ್ಪ ಹೊತ್ತಾದ ಮೇಲೆ ರಂಗಮ್ಮ ಮಂಚದ ಮೇಲೆ ಒಂದು ಪಕ್ಕಕ್ಕೆ ಸರಿದು, ನೆಲ ತಣ್ಣಗಿದೆ, ಮೇಲೆ ಕೂತ್ಕೋ ಎಂದರು. ಕೆಂಪಮ್ಮ ಎದ್ದು ಕೂತರು. ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಮುಗಿಯಿತೆಂದು ನಾನು ಉಸಿರುಬಿಟ್ಟೆ.

ಆಗ ರಂಗಮ್ಮ ನನ್ನ ಕಡೆ ತಿರುಗಿದರು. ನಾನು ಯಾರೆಂದು ಕೆಂಪಮ್ಮ ಮೊದಲೇ ಹೇಳಿದ್ದರು. ನಾನು ಕಟ್ಟಿದ್ದು ಎಂಬುದನ್ನು ಮಾತ್ರ ಹೇಳಿರಲಿಲ್ಲ, ಕಂಡವರು ಎಂದಷ್ಟೇ ಹೇಳಿದ್ದರು.

"ಅಪ್ಪಾ, ನೀನು ಕಂಡೋನಂತಲ್ಲ. ಕೆಳಗೆ ಅವ್ರು ಬಾಳ ಹೊತ್ತು ಒದ್ದಾಡಿದ್ರಾ?"

ನಾನು ಏನೂ ಕಂಡವನಲ್ಲ ಎಂದು ಹೇಳಲು ಬಾಯಿ ತೆರೆದೆ. ಅದು ಸತ್ಯ, ಅದನ್ನೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಇಲ್ಲಮ್ಮ, ಒದ್ದಾಡ್ಲಿಲ್ಲ. ರಾಗಿ ಮೇಲೆ ಕೂತ್ಕೊಂಡ್ರು. ಹಾಗೇ ನಿದ್ದೆ ಬಂದ್ಬಿಡ್ತು."

ರಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಆ ದಿನ ಮೊದಲ ಸಲ, ಅತ್ತರು. ಕೆಂಪಮ್ಮ ಅವರ ಬೆನ್ನ ಮೇಲೆ ಕೈಯಿಟ್ಟರು. ಅತ್ತಿಗೆ ಆ ಕೈಯನ್ನು ತಳ್ಳಲಿಲ್ಲ.

ಕೆಂಪಮ್ಮ ಅಂದು ಅಲ್ಲೇ ಉಳಿದರು. ನಾವಿಬ್ಬರೇ ಮೆಟ್ರೊದಲ್ಲಿ ಹಿಂದಿರುಗುವಾಗ ಸುಮಂಗಲಾ, ಅದನ್ನೂ ಕಟ್ಟೇ ಹೇಳಿದ್ರೇನ್ರಿ ಎಂದು ಮೆಲ್ಲಗೆ ಕೇಳಿದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಸುಳ್ಳು ಅವಳಿಗೆ ತಿಳಿಯದೇ ಹೋದದ್ದು ಇಲ್ಲ. ಅಂದು ಅವಳಿಗೂ ತಿಳಿಯಲಿಲ್ಲ. ಹೌದು ಎನ್ನಲು ಹೋದೆ, ಆಗಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ. ಆ ಮುದುಕಿಯ ಮುಖ ನೋಡಿ ಕನಿಕರದಿಂದ ಹಾಗೆ ಹೇಳಿದೆನೋ, ರಾಗಿಯ ಮೇಲೆ ಮೊಣಕಾಲು ಮಡಿಚಿ ಕೂತ ಹುಡುಗ ಆ ಗಳಿಗೆ ನನಗೆ ನಿಜವಾಗಿ ಕಂಡಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ.